ತೋಳು ತೋರಿದ ರಾಣಿ

ಚಾಮರಾಜನಗರದ ಚಾಮರಾಜೇಶ್ವರ ಗುಡಿಯಲ್ಲಿ ದೇವರ ಹೆಸರೂ ರಾಜಮನೆತನದ್ದೇ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಈ ಊರಿನಲ್ಲಿ. ಆಗ ಇದು ಅರಿಕುಠಾರ. 1818ರಲ್ಲಿ ಮಗ ಊರಿಗೆ ತಂದೆಯ ಹೆಸರಿಟ್ಟರು, 1826ರಲ್ಲಿ ಗುಡಿ ಕಟ್ಟಿಸಿದರು. ಶಿವ ಚಾಮರಾಜೇಶ್ವರನಾದ, ಅಮ್ಮನವರು ತಾಯಿಯ ನೆನಪಿನಲ್ಲಿ ಕೆಂಪನಂಜಾಂಬೆಯಾದರು. ಅಲ್ಲೇ ದೊರೆಯ ಮತ್ತು ರಾಣಿಯರ ಕಲ್ಲಿನ ಮೂರ್ತಿಗಳೂ ಇವೆ, ಪೀಠದಲ್ಲಿ ಹೆಸರು ಕೆತ್ತಿದೆ. ಆಷಾಢದ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳು ದಂಡುಗಟ್ಟಿ ಬರುತ್ತವೆ, ತೇರಿಗೆ ಹಣ್ಣು ಜವನ ಎಸೆಯುತ್ತವೆ. ಕಲ್ಲಿನ ರಾಣಿಯರ ಮುಂದೆ ನಿಲ್ಲುವವರು ಕಡಿಮೆ. ನಿಂತವರ ಕಣ್ಣಿಗೂ ಮೊದಲು ಬೀಳುವುದು ನಿರಿಗೆ, ಸೊಂಟಪಟ್ಟಿ, ಕೊರಳ ಹಾರ. ಶಿಲ್ಪಿ ತೋರಿಸಿದ್ದೂ ಅದನ್ನೇ, ನಾವು ನೋಡಲು ಕಲಿತಿದ್ದೂ ಅದನ್ನೇ.

ಈ ದೊರೆಯ ರಾಣಿಯರದೇ ಇನ್ನೊಂದು ಚಿತ್ರವಿದೆ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದ ತೈಲಚಿತ್ರ ಅದು. ಮೂವರು ಹೆಂಗಸರು ಮೈತುಂಬ ಒಡವೆ ತೊಟ್ಟು ನಿಂತಿದ್ದಾರೆ. ಬಲಗಡೆಯವಳು ಸೆರಗನ್ನು ಒಂದಿಷ್ಟು ಸರಿಸಿ ಎಡತೋಳಿನ ಮೇಲ್ಭಾಗವನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳ ಮೂಗು, ಬಾಯಿಯ ಸುತ್ತ ಚರ್ಮ ಬಿಳಿಚಿದೆ. ಬಹಳ ಕಾಲ ಈ ಚಿತ್ರವನ್ನು ನರ್ತಕಿಯರ ಚಿತ್ರವೆಂದೇ ತಿಳಿಯಲಾಗಿತ್ತು. ಬಗೆಬಗೆಯ ಒಡವೆ, ಸರಿದ ಸೆರಗು, ನೇರವಾದ ನೋಟ. ಮರ್ಯಾದಸ್ಥ ಮನೆಯ ಹೆಂಗಸರು ಪರದೇಶದ ಗಂಡಸಿನೆದುರು ಹೀಗೆ ನಿಲ್ಲುವುದುಂಟೆ ಎಂಬ ತರ್ಕ. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸಲರ್ ಇದನ್ನು ಒಪ್ಪಲಿಲ್ಲ. ಅವರ ವಾದದಂತೆ ಎರಡೂ ಬದಿಯಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ನಡುವೆ ಇರುವವರು ಹಿರಿಯ ರಾಣಿ ಲಕ್ಷ್ಮಮ್ಮಣ್ಣಿ. ಬಲಗಡೆಯ ಹುಡುಗಿ ತೋರಿಸುತ್ತಿರುವುದು ಹೊಸದಾಗಿ ಬಂದ ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆಯವಳ ಮುಖದ ಬಿಳಿ ಕಲೆ, ಸಿಡುಬಿನ ಹಕ್ಕಳೆಯನ್ನೇ ಮೈಗೆ ಸೇರಿಸುವ ಹಳೆಯ ಪದ್ಧತಿಯ ಗುರುತು. ಮೈಸೂರು ಸೀಮೆಯ ಜನ ಲಸಿಕೆಗೆ ಹೆದರದಿರಲಿ ಎಂದು ಅರಮನೆಯೂ ಈಸ್ಟ್ ಇಂಡಿಯಾ ಕಂಪನಿಯೂ ಸೇರಿ ಬರೆಸಿದ ಚಿತ್ರವಿದು ಎನ್ನುತ್ತಾರೆ ಅವರು.

ಈ ವಾದ ನನಗೆ ಒಪ್ಪಿತವಾಗಿದೆ. ಆ ಚಿತ್ರದಲ್ಲಿ ಉಡುಗೆ ಮಾತಾಡುತ್ತದೆ. ಸೆರಗು ಸರಿದದ್ದು ಸೊಬಗಿಗಲ್ಲ, ಊರೂರುಗಳಲ್ಲಿ ಸಾಯುತ್ತಿದ್ದ ಮಕ್ಕಳಿಗಾಗಿ. ಒಡವೆ ಹೇರಿದ್ದು ಇವಳು ರಾಣಿ, ಇವಳೇ ಚುಚ್ಚಿಸಿಕೊಂಡಿದ್ದಾಳೆ, ನಿಮಗೇನು ಅಂಜಿಕೆ ಎಂದು ಹೇಳುವುದಕ್ಕಾಗಿ. ಇದೇ ಚಿತ್ರದಲ್ಲಿ ನೋವಿನ ಸಂಗತಿಯೂ ಇದೆ. ಮದುವೆಗೆಂದು 1805ರಲ್ಲಿ ಅರಮನೆಗೆ ಬಂದಾಗ ಆ ಹುಡುಗಿಗೆ ಹನ್ನೆರಡು ವರ್ಷ. ತೋಳು ತೋರಿಸು ಎಂದರು, ತೋರಿಸಿದಳು. ಅವಳನ್ನು ಯಾರೂ ಕೇಳಿರಲಾರರು. ಲಸಿಕೆ ಹಬ್ಬಿಸುವುದರಲ್ಲಿ ಕಂಪನಿಗೆ ತನ್ನದೇ ಲಾಭವಿತ್ತು. ನಿರ್ಧಾರ ನಡುವೆ ನಿಂತ ಲಕ್ಷ್ಮಮ್ಮಣ್ಣಿಯವರದು. ಅವರ ಗಂಡ ಇಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು ಸಿಡುಬಿನಿಂದ ಎಂಬ ಮಾತಿದೆ. ಆಮೇಲೆ ಹೈದರ್, ಟಿಪ್ಪು ಇಬ್ಬರ ಆಳ್ವಿಕೆಯ ಉದ್ದಕ್ಕೂ ಕಾವಲಿನೊಳಗೇ ಇದ್ದು, ಇಂಗ್ಲಿಷರೊಡನೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿ, 1799ರಲ್ಲಿ ಐದು ವರ್ಷದ ಹುಡುಗನನ್ನು ಮೈಸೂರಿನ ಸಿಂಹಾಸನದ ಮೇಲೆ ಕೂರಿಸಿದ ಹೆಂಗಸು ಅವರು.

ಮೈಸೂರು ಅರಮನೆಯ ಚರಿತ್ರೆಯಲ್ಲಿ ಸಾರ್ವಜನಿಕ ಅಧಿಕಾರ ನಡೆಸಿದ ಹೆಂಗಸರು ಯಾರು ಎಂದು ಕೇಳಿದರೆ ತಟ್ಟನೆ ಬರುವ ಹೆಸರುಗಳು ಎರಡು. ಲಕ್ಷ್ಮಮ್ಮಣ್ಣಿ ಒಂದು. ಇನ್ನೊಂದು ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರದು. 1894ರ ಡಿಸೆಂಬರಿನಲ್ಲಿ ಪತಿ ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ರಾಣಿಗೆ 28 ವರ್ಷ. 1895ರಿಂದ 1902ರವರೆಗೆ ರೀಜೆಂಟ್ ಆಗಿ ರಾಜ್ಯ ನಡೆಸಿದರು. ಮಾರಿಕಣಿವೆಯ ಅಣೆಕಟ್ಟೆ ಶುರುವಾದದ್ದು, ಕೊಳ್ಳೇಗಾಲದ ಮಗ್ಗುಲ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಅವರ ಕಾಲದಲ್ಲಿ. ಇಬ್ಬರೂ ಅಸಾಮಾನ್ಯರು, ಇಬ್ಬರೂ ವಿಧವೆಯರು. ಆಳುವ ಅವಕಾಶ ಇಬ್ಬರಿಗೂ ಬಂದದ್ದು ಗಂಡ ಹೋದ ಮೇಲೆ, ಮುತ್ತೈದೆಯ ಶೃಂಗಾರವೆಲ್ಲ ಕಳಚಿದ ಮೇಲೆ. ಅಲ್ಲಿಯವರೆಗೆ ಅವರ ಬುದ್ಧಿ ಎಲ್ಲಿತ್ತು? ಅಲ್ಲೇ ಇತ್ತು, ಅದನ್ನು ಯಾರೂ ಕೇಳುತ್ತಿರಲಿಲ್ಲ.

ಹೆಂಗಸು ಒಡವೆ ತೊಟ್ಟಿರುವಾಗ ಅವಳನ್ನು ನೋಡುತ್ತೇವೆ, ಕಳಚಿಟ್ಟ ಮೇಲೆ ಅವಳ ಮಾತು ಕೇಳುತ್ತೇವೆ. ರಾಜಮನೆತನದ ತರುಣಿಯ ಬಗ್ಗೆ ನಮ್ಮ ಸಮಾಜ ಇಟ್ಟುಕೊಂಡಿರುವ ಈ ಎರಡೇ ಬಗೆಯ ನಡವಳಿಕೆಯನ್ನು ಬಿಡಬೇಕು ಎಂಬುದು ನನ್ನ ವಾದ. ಇದು ಅರಮನೆಯ ಮಾತಷ್ಟೇ ಅಲ್ಲ. 2017ರ ಜನವರಿಯಲ್ಲಿ ಸಚಿವ ಎಚ್.ಎಸ್. ಮಹದೇವಪ್ರಸಾದ್ ತೀರಿಕೊಂಡರು. ಆ ಏಪ್ರಿಲ್‌ನ ಉಪಚುನಾವಣೆಯಲ್ಲಿ ಗುಂಡ್ಲುಪೇಟೆ ಅವರ ಪತ್ನಿ ಗೀತಾ ಅವರನ್ನು ಆರಿಸಿತು, ಅದೇ ವರ್ಷ ಅವರು ಸಚಿವೆಯೂ ಆದರು. ಅವರ ಸಾಮರ್ಥ್ಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮತಪೆಟ್ಟಿಗೆಯ ಕಾಲದಲ್ಲೂ ನಮ್ಮ ಮನೆತನಗಳ ಹೆಂಗಸರಿಗೆ ಬಾಗಿಲು ತೆರೆಯುವುದು ಸಾವಿನ ನಂತರವೇ ಎಂಬುದು ಯೋಚಿಸಬೇಕಾದ ಸಂಗತಿ.

ಈಗ ಇವತ್ತಿನ ತರುಣಿಯ ವಿಷಯ. 2016ರ ಜೂನ್ 27ರಂದು ಮೈಸೂರು ಅರಮನೆಯಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರಿಗೂ ರಾಜಸ್ಥಾನದ ಡುಂಗರ್‌ಪುರದ ತ್ರಿಷಿಕಾ ಕುಮಾರಿ ಅವರಿಗೂ ಮದುವೆಯಾಯಿತು. 1976ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಮದುವೆ ನಡೆದ ನಲವತ್ತು ವರ್ಷಗಳ ಮೇಲೆ ಅರಮನೆ ಕಂಡ ಮದುವೆ. ಹಳೇ ಮೈಸೂರಿನ ಮನೆಮನೆಗಳಲ್ಲಿ ಜನ ಟಿ.ವಿ. ಮುಂದೆ ಕೂತರು. ಸೀರೆ ಯಾವ ಬಣ್ಣ, ಜರತಾರಿ ಎಷ್ಟು ಅಗಲ, ಕೊರಳಲ್ಲಿ ಎಷ್ಟು ಎಳೆ, ಒಡವೆ ಯಾವ ಕಾಲದ್ದು, ಇವೇ ಮಾತು. ಪ್ರತಿ ದಸರೆಯಲ್ಲೂ ಇದರ ಮುಂದುವರಿಕೆ ನಡೆಯುತ್ತದೆ. ಖಾಸಗಿ ದರ್ಬಾರಿನಲ್ಲಿ ಸಿಂಹಾಸನ ಏರುವವರು ಯದುವೀರ್. ತ್ರಿಷಿಕಾ ಅವರ ಪಾಲಿಗೆ ಕಂಕಣಧಾರಣೆ, ಪೂಜೆ, ಪತಿಯ ಪಾದಪೂಜೆ. ಆ ಪಾದಪೂಜೆಯ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಅವರು ಏನು ಓದುತ್ತಾರೆ, ಯಾವುದರಲ್ಲಿ ನಂಬಿಕೆ, ಈ ನಾಡು ಅವರಿಗೆ ಹೇಗೆ ಕಂಡಿತು ಎಂದು ಕೇಳಿದವರು ಎಷ್ಟು ಮಂದಿ?

ಕೇಳಬಾರದ್ದನ್ನು ಮಾತ್ರ ಕೇಳಿದೆವು. ಮದುವೆಯಾದ ದಿನದಿಂದಲೇ ಎದ್ದದ್ದು ಮಗುವಿನ ಮಾತು. 2017ರ ಡಿಸೆಂಬರಿನಲ್ಲಿ ಅವರಿಗೆ ಗಂಡುಮಗು ಹುಟ್ಟಿದಾಗ, ನಾಲ್ಕು ಶತಮಾನದ ಶಾಪ ಕಳೆಯಿತು ಎಂದು ಸುದ್ದಿಯಾಯಿತು. ಆ ಶಾಪದ ಐತಿಹ್ಯ ಈ ಸೀಮೆಯವರಿಗೆಲ್ಲ ಬಾಯಿಪಾಠ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ವಶಪಡಿಸಿಕೊಂಡರು. ವಿಜಯನಗರದ ಪ್ರತಿನಿಧಿ ತಿರುಮಲರಾಯ ತಲಕಾಡಿಗೆ ಹೋಗಿ ಅಲ್ಲೇ ತೀರಿಕೊಂಡ. ಅವನ ಹೆಂಡತಿ ಅಲಮೇಲಮ್ಮನ ಬಳಿ ಇದ್ದ ಒಡವೆಗಳಿಗಾಗಿ ಅರಮನೆಯವರು ಆಳು ಕಳಿಸಿದರು. ಅವಳು ಒಡವೆ ಕಟ್ಟಿಕೊಂಡು ಮಾಲಂಗಿಯ ಮಡುವಿಗೆ ಹಾರಿದಳು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳಂತೆ. ಶಾಪ ನಿಜವೋ ಸುಳ್ಳೋ ಎಂಬ ಚರ್ಚೆ ನನಗೆ ಬೇಡ. ಕತೆಯ ಬೇರನ್ನು ನೋಡಿ. ವಿಧವೆಯಾದ ಹೆಂಗಸೊಬ್ಬಳ ಮೈಮೇಲಿನ ಒಡವೆ ಸರ್ಕಾರದ ಸ್ವತ್ತು ಎಂದು ಗಂಡಸರು ತೀರ್ಮಾನಿಸಿದ್ದಕ್ಕೆ ಅವಳು ಕೊಟ್ಟ ಉತ್ತರ ಅದು. ನಾನೂರು ವರ್ಷಗಳ ಮೇಲೆ ಇನ್ನೊಬ್ಬ ತರುಣಿಯ ಬಸಿರನ್ನು ನಾವು ಊರಿನ ಸ್ವತ್ತು ಮಾಡಿಕೊಂಡು, ಅದೇ ಶಾಪದ ಹೆಸರು ಹೇಳಿ ಕುತೂಹಲ ತಣಿಸಿಕೊಂಡೆವು. ಅಲಮೇಲಮ್ಮನ ಸಿಟ್ಟು ಯಾರ ಮೇಲಿತ್ತೋ ಆ ಸಾಲಿನಲ್ಲಿ ನಾವೇ ಹೋಗಿ ನಿಂತಂತಾಯಿತು.

ಸೀರೆ ನೋಡಿ ಸಂತೋಷಪಟ್ಟರೆ ಏನು ತಪ್ಪು ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ದಿನವೆಲ್ಲ ದುಡಿದು ಬಂದ ಹೆಣ್ಣುಮಗಳು ಚಂದದ ಉಡುಗೆ ನೋಡಿ ಕಣ್ಣು ತುಂಬಿಕೊಳ್ಳುವುದನ್ನು ಹೀಗಳೆಯುವ ವೈಚಾರಿಕತೆ ನನಗೆ ಹಿಡಿಸುವುದಿಲ್ಲ. ಉಡುವುದು ಒಂದು ಕಲೆ, ಅದನ್ನು ಅರಿತು ಉಡುವವರು ಮೆಚ್ಚುಗೆಗೆ ಅರ್ಹರೇ. ರಾಜಮನೆತನದವರು ಉಟ್ಟ ಬಟ್ಟೆಯಿಂದ ಕೈಕಸುಬಿಗೆ ಅನ್ನ ಸಿಗುವುದೂ ಸುಳ್ಳಲ್ಲ. ಮೈಸೂರಿನಲ್ಲಿ 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಮೊದಲು ನೇಯ್ದದ್ದು ಅರಮನೆಯವರ ಉಡುಪಿಗೆ. ಇವತ್ತು ಮೈಸೂರು ಸಿಲ್ಕ್ ಸೀರೆಗಾಗಿ ಅಂಗಡಿ ತೆರೆಯುವ ಮೊದಲೇ ಜನ ಸಾಲುಗಟ್ಟುತ್ತಾರೆ ಅಂದರೆ ಅದರಲ್ಲಿ ಆ ಹಳೆಯ ಗೌರವದ ಪಾಲೂ ಇದೆ.

ಹಾಗಿದ್ದರೆ ನೋಟ ಸೀರೆಯ ಒಳಗೂ ಹೋಗಲಿ. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲದ ಹೊಲಗಳಲ್ಲಿ ಹಿಪ್ಪುನೇರಳೆ ಬೆಳೆದು, ರಾತ್ರಿಯೆಲ್ಲ ಎದ್ದು ಹುಳುವಿಗೆ ಸೊಪ್ಪು ಹಾಕಿ, ಚಂದ್ರಿಕೆಗೆ ಬಿಟ್ಟು, ಗೂಡನ್ನು ಮಾರುಕಟ್ಟೆಗೆ ಹೊತ್ತವರ ಕತೆ ಆ ಜರತಾರಿಯ ಹಿಂದೆ ಇದೆ. ಕೊಳ್ಳೇಗಾಲದ ಮಗ್ಗಗಳ ರೇಷ್ಮೆಗೆ ತನ್ನದೇ ಹೆಸರಿದೆ. ಈ ಜಿಲ್ಲೆಯಲ್ಲಿ ಹಿಪ್ಪುನೇರಳೆ ತೋಟಗಳು ಒಂದು ಕಾಲಕ್ಕೆ ಎಷ್ಟಿದ್ದವು, ಈಗೆಷ್ಟು ಉಳಿದಿವೆ ಎಂದು ಯಾವ ಹಳ್ಳಿಯ ಹಿರಿಯರನ್ನು ಕೇಳಿದರೂ ನಿಟ್ಟುಸಿರೇ ಉತ್ತರ. ರಾಜಮನೆತನದ ತರುಣಿಯೊಬ್ಬಳು ಒಂದು ದಸರೆಗೆ ಕೊಳ್ಳೇಗಾಲದ ಮಗ್ಗದ ಸೀರೆಯುಟ್ಟು, ನೇಯ್ದವರ ಹೆಸರು ಹೇಳಿದರೆ ಆ ಬೀದಿಗಳಲ್ಲಿ ಆಗುವ ಬದಲಾವಣೆಯನ್ನು ಸರ್ಕಾರದ ಪ್ರಚಾರ ಮಾಡಲಾರದು. ಉಡುಗೆಗೆ ಅಷ್ಟು ಬಲ ಉಂಟು ಎಂದು ನಂಬಿರುವುದರಿಂದಲೇ ಅದನ್ನು ಬರೀ ಬಣ್ಣದ ಮಾತಾಗಿ ಪೋಲು ಮಾಡುವುದು ನನಗೆ ಸಂಕಟದ ವಿಷಯ.

ಜೈಪುರದ ಗಾಯತ್ರಿ ದೇವಿಯವರಿಗೂ ಹೀಗೇ ಆಯಿತು. 1943ರಲ್ಲಿ ಪರದೆಯ ನಾಡಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1962ರ ಲೋಕಸಭಾ ಚುನಾವಣೆಯಲ್ಲಿ 2,46,516 ಮತಗಳಲ್ಲಿ 1,92,909 ಮತ ಗಳಿಸಿ ಗೆದ್ದರು. ತುರ್ತುಪರಿಸ್ಥಿತಿಯಲ್ಲಿ ತಿಹಾರ್ ಜೈಲು ಕಂಡರು. ಇಷ್ಟಾಗಿಯೂ ಅವರ ಹೆಸರೆತ್ತಿದರೆ ಜನರಿಗೆ ನೆನಪಾಗುವುದು ಶಿಫಾನ್ ಸೀರೆ, ಮುತ್ತಿನ ಸರ. ಗೆದ್ದ ಚುನಾವಣೆಯೂ ಸೌಂದರ್ಯದ ಖಾತೆಗೇ ಜಮಾ ಆಯಿತು.

ಗಂಡನಿರುವಾಗಲೇ, ಒಡವೆ ತೊಟ್ಟೇ, ತನ್ನ ಸ್ಥಾನವನ್ನು ಇನ್ನೊಬ್ಬರ ಬೆಳಕಿಗೆ ಬಳಸಿದ ರಾಣಿ ಈ ಜಿಲ್ಲೆಯಲ್ಲೇ ಇದ್ದಾಳೆ. ಅವಳ ಹೆಸರೂ ದೇವಾಜಮ್ಮಣ್ಣಿ. ಅರಮನೆಯಲ್ಲಿ ಈ ಹೆಸರು ಎಷ್ಟು ಸಲ ಬರುತ್ತದೆಂದರೆ ಒಬ್ಬಳು ಇನ್ನೊಬ್ಬಳಲ್ಲಿ ಕರಗಿಹೋಗುತ್ತಾಳೆ. ಇವಳು ಯಳಂದೂರಿನ ಪ್ರಭುಗಳ ಮನೆಯ ಮಗಳು, ಚಿಕ್ಕದೇವರಾಜ ಒಡೆಯರ ಪಟ್ಟದರಸಿ. ಚಿಕ್ಕದೇವರಾಜರ ತಾರುಣ್ಯದ ವರ್ಷಗಳು ಗುಂಡ್ಲುಪೇಟೆಯ ಹತ್ತಿರದ ಹಂಗಳದಲ್ಲಿ ತಂದೆಯೊಡನೆ ಒಂದು ಬಗೆಯ ಸೆರೆಯಲ್ಲೇ ಕಳೆದವು. ಮುಂದೆ ಅವರ ಆಸ್ಥಾನದಲ್ಲಿ ಬೆಳಗಿದ ತಿರುಮಲಾರ್ಯ, ವಿಶಾಲಾಕ್ಷ ಪಂಡಿತರ ಸ್ನೇಹ ಮೊಳೆತದ್ದು ಆ ದಿನಗಳಲ್ಲಿ. ದೇವಾಜಮ್ಮಣ್ಣಿಯ ಜೊತೆ ಯಳಂದೂರಿನಿಂದ ಬಂದವಳು ಹೊನ್ನಮ್ಮ, ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದ ಹುಡುಗಿ. ಅವಳ ಕವಿತೆಯ ಕಸುವನ್ನು ಗುರುತಿಸಿ ದೊರೆಯ ಮುಂದೆ ಹೇಳಿದವಳು ರಾಣಿ, ಕಲಿಸಿದವರು ಸಿಂಗರಾರ್ಯ. ಅದರಿಂದ ಬಂದದ್ದು ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕಾವ್ಯ. ಪತಿವ್ರತೆಯ ಧರ್ಮ ಹೇಳುವ ಆ ಕಾವ್ಯದ ಬಹುಭಾಗ ಇವತ್ತಿನ ಓದುಗರಿಗೆ ಕಿರಿಕಿರಿ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಹೆಣ್ಣೆಂದು ಹೀಗಳೆಯುವವರನ್ನು ಅದೇ ಕಾವ್ಯ ಎದುರುಹಾಕಿಕೊಳ್ಳುತ್ತದೆ. ಸಂಚಿಯವಳ ದನಿ ಮುನ್ನೂರು ವರ್ಷ ದಾಟಿ ನಮ್ಮ ಶಾಲೆಗಳಿಗೆ ಬಂದಿದೆ. ಆ ದೇವಾಜಮ್ಮಣ್ಣಿ ಏನು ಉಟ್ಟಿದ್ದಳೆಂದು ಯಾರೂ ಹೇಳಲಾರರು. ಅವಳು ಯಾರನ್ನು ಮುಂದೆ ತಂದಳು ಎಂಬುದು ಹೈಸ್ಕೂಲು ಮಕ್ಕಳಿಗೂ ಗೊತ್ತು.

ಗುಂಡ್ಲುಪೇಟೆಗೆ ಬಂದರೆ ಅಳತೆಗೋಲೇ ಬದಲಾಗುತ್ತದೆ. ಕೆ.ಎಸ್. ನಾಗರತ್ನಮ್ಮ ಅರಸು ಮನೆತನದವರಲ್ಲ. 1957ರಿಂದ ಮೊದಲಾಗಿ ಏಳು ಸಲ ಈ ಕ್ಷೇತ್ರ ಅವರನ್ನು ವಿಧಾನಸಭೆಗೆ ಕಳಿಸಿತು. ನಡುವೆ ಒಮ್ಮೆ ಸೋಲಿಸಿತು, ಆಮೇಲೆ ಮತ್ತೆ ಕರೆಯಿತು. 1972ರಿಂದ 1978ರವರೆಗೆ ಅವರು ವಿಧಾನಸಭೆಯ ಅಧ್ಯಕ್ಷರು, ಆ ಪೀಠದಲ್ಲಿ ಕೂತ ರಾಜ್ಯದ ಮೊದಲ ಮಹಿಳೆ. ಕೇರಳ, ತಮಿಳುನಾಡುಗಳ ಗಡಿಯಲ್ಲಿರುವ, ಮಳೆ ಕೈಕೊಡುವ, ಅರ್ಧ ಕಾಡೇ ಇರುವ ತಾಲ್ಲೂಕಿನ ರೈತರು ಅಷ್ಟು ಹಿಂದೆಯೇ ಹೆಂಗಸೊಬ್ಬಳನ್ನು ಕೆಲಸದ ಮೇಲೆ ಅಳೆದರು, ಬೇಡವೆನಿಸಿದಾಗ ಮನೆಗೂ ಕಳಿಸಿದರು. ಈ ಸೋಲಿಸುವ ಹಕ್ಕಿದೆಯಲ್ಲ, ಅದು ಬಹಳ ದೊಡ್ಡ ಗೌರವ. ಸೋಲಿಸಬಲ್ಲವರ ಮುಂದೆ ನಿಂತವಳು ಬೊಂಬೆಯಾಗಿ ಉಳಿಯುವುದಿಲ್ಲ. ರಾಜಮನೆತನದ ತರುಣಿಗೆ ನಾವು ಆರತಿ ಎತ್ತುತ್ತೇವೆ, ಅವಳೊಡನೆ ಜಗಳ ಆಡುವುದಿಲ್ಲ. ಜಗಳ ಆಡದ ಕಡೆ ಅವಳನ್ನು ಪೂರ್ತಿ ಮನುಷ್ಯಳೆಂದು ಒಪ್ಪಿಲ್ಲ ಎಂದೇ ಅರ್ಥ.

ಇದೇ ತಾಲ್ಲೂಕಿನ ಮಂಗಲ ಗ್ರಾಮದ ಬಳಿ, ಬಂಡೀಪುರದ ಅಂಚಿನಲ್ಲಿ, ಜಯಚಾಮರಾಜ ಒಡೆಯರ ಕೊನೆಯ ಮಗಳು ವಿಶಾಲಾಕ್ಷಿ ದೇವಿ ಕಾಡಿನ ನಂಟು ಬೆಳೆಸಿಕೊಂಡು ವಸತಿಧಾಮ ನಡೆಸಿದರು. ವನ್ಯಜೀವಿಗಳ ಮೇಲಿನ ಅವರ ಅಕ್ಕರೆ ಬಲ್ಲವರಿಗೆ ಗೊತ್ತು. 2018ರ ದಸರೆಯ ಹೊತ್ತಿನಲ್ಲಿ ತೀರಿಕೊಂಡಾಗ ನಾಡಿನ ಬಹುಮಂದಿಗೆ ಅವರ ಹೆಸರೇ ಹೊಸದು. ಹಿರಿಯರು ಬೇಟೆಯಾಡಿದ ಕಾಡಿನ ಪಕ್ಕದಲ್ಲಿ ಮಗಳು ಪ್ರಾಣಿಗಳ ಪರವಾಗಿ ನಿಂತದ್ದು ಸಣ್ಣ ತಿರುವಲ್ಲ. ಕ್ಯಾಮೆರಾದಿಂದ ದೂರ ಬದುಕುವುದನ್ನು ಅವರು ಆರಿಸಿಕೊಂಡರೆಂದರೆ ಅದೂ ಒಂದು ಶೈಲಿಯೇ. ಕಾಡಂಚಿನ ವಸತಿಧಾಮಗಳಿಂದ ಆನೆಗಳ ದಾರಿಗೆ ಆಗುವ ತೊಂದರೆಯ ಪ್ರಶ್ನೆಯನ್ನು ಎಲ್ಲ ಮಾಲೀಕರಿಗೆ ಕೇಳುವಂತೆ ಅವರಿಗೂ ಕೇಳಬಹುದಿತ್ತು. ಹಾಗೆ ಕೇಳಿದ್ದರೆ ಅವಮಾನವಾಗುತ್ತಿರಲಿಲ್ಲ, ಗಂಭೀರವಾಗಿ ತೆಗೆದುಕೊಂಡಂತಾಗುತ್ತಿತ್ತು.

ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು ಎಂಬ ಗೆರೆ ಎಲ್ಲಿದೆ? 1971ರ ಸಂವಿಧಾನ ತಿದ್ದುಪಡಿಯ ಮೇಲೆ ಈ ದೇಶದಲ್ಲಿ ರಾಜರಿಲ್ಲ, ರಾಜಧನವಿಲ್ಲ. ಕಾನೂನಿನ ಕಣ್ಣಿಗೆ ತ್ರಿಷಿಕಾ ಕುಮಾರಿ ಒಬ್ಬ ನಾಗರಿಕರು. 2024ರಲ್ಲಿ ಪತಿ ಮೈಸೂರು-ಕೊಡಗು ಕ್ಷೇತ್ರದ ಸಂಸದರಾದರೂ ಇವರು ತಮಗಾಗಿ ಯಾವ ಮತವನ್ನೂ ಕೇಳಿದವರಲ್ಲ. ಹಾಗಾಗಿ ಅವರ ಮೈಕಟ್ಟು, ಬಸಿರು, ಬಾಣಂತನ, ಮಕ್ಕಳ ಮುಖ, ಮನೆಯೊಳಗಿನ ನಗು ಮುನಿಸು ನಮ್ಮ ಲೆಕ್ಕಕ್ಕೆ ಬರುವಂಥವಲ್ಲ. ಇಷ್ಟದಿಂದ ತೋರಿಸಿದ್ದನ್ನು ನೋಡೋಣ, ಇಣುಕುವುದು ಬೇಡ.

ಜನರ ಬದುಕನ್ನು ಮುಟ್ಟುವ ಸಂಗತಿಗಳು ಬೇರೆ. 2025ರಲ್ಲಿ ಶ್ರೀಕಂಠದತ್ತ ಒಡೆಯರ್ ಅವರ ಪತ್ನಿ ಪ್ರಮೋದಾ ದೇವಿ ಒಡೆಯರ್ ಅವರು ಚಾಮರಾಜನಗರ ತಾಲ್ಲೂಕಿನ ಹಲವು ಗ್ರಾಮಗಳ ಜಮೀನು ರಾಜಮನೆತನದ ಖಾಸಗಿ ಸ್ವತ್ತೆಂದು ಜಿಲ್ಲಾಡಳಿತಕ್ಕೆ ಪತ್ರ ಬರೆದರು. ಸಿದ್ದಯ್ಯನಪುರದಂಥ ಊರುಗಳ ರೈತರು ಕಂಗಾಲಾದರು. ಆತಂಕ ಬೇಡ ಎಂದು ಅವರು ಆಮೇಲೆ ಹೇಳಿದರು. ತಲೆಮಾರುಗಳಿಂದ ಉತ್ತ ನೆಲದ ದಾಖಲೆಯ ವಿಷಯ ಬಾಯಿಮಾತಿಗೆ ತೀರುವಂಥದ್ದಲ್ಲ, ನಾಳೆ ಅದು ಮುಂದಿನ ತಲೆಮಾರಿನ ಕೈಗೆ ಬರುತ್ತದೆ. ಆ ತಲೆಮಾರಿನ ತರುಣಿ ಚಾಮರಾಜೇಶ್ವರನ ತೇರಿಗೋ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೋ ಬಂದು ಪೂರ್ಣಕುಂಭದ ಸ್ವಾಗತ ಪಡೆದ ದಿನ ಕೇಳಬೇಕಾದ ಪ್ರಶ್ನೆ ಇದು: ಅಮ್ಮಾ, ನಮ್ಮ ಪಹಣಿಯ ವಿಷಯದಲ್ಲಿ ನಿಮ್ಮ ನಿಲುವೇನು? ಅವರು ಉತ್ತರ ಕೊಡಬಹುದು, ಅದು ಹಿರಿಯರ ವಿಷಯ ಎನ್ನಬಹುದು, ಇನ್ನೂ ಯೋಚಿಸಿಲ್ಲ ಎನ್ನಬಹುದು. ಏನೇ ಹೇಳಿದರೂ ಅದು ಅವರ ಸ್ವಂತ ಮಾತು. ಮರುದಿನದ ಪತ್ರಿಕೆ ಸೀರೆಯ ಚಿತ್ರವನ್ನೂ ಹಾಕಲಿ, ಅದರ ಪಕ್ಕದಲ್ಲಿ ಆ ಮಾತನ್ನೂ ಪೂರ್ತಿಯಾಗಿ ಅಚ್ಚು ಮಾಡಲಿ.